ಮೂರ್ತಿ ಒಂದೆಡೆ, ಕಡತ ಇನ್ನೊಂದೆಡೆ

ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಎಂಬ ಹಳ್ಳಿಯ ದೇವಸ್ಥಾನದಿಂದ ಕಳುವಾದ ಚೋಳರ ಕಾಲದ ಕಂಚಿನ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಐವತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ತೆತ್ತು ಕೊಂಡುಕೊಂಡಿತು. 2014ರಲ್ಲಿ ಅದೇ ನಟರಾಜ ಭಾರತಕ್ಕೆ ಮರಳಿದ. ನಡುವೆ ಪೊಲೀಸರು, ಪತ್ರಕರ್ತರು, ಹವ್ಯಾಸಿ ಪತ್ತೇದಾರರು ಎಲ್ಲರೂ ದುಡಿದರು. ಆದರೆ ಗ್ಯಾಲರಿಯವರ ಬಾಯಿ ಕಟ್ಟಿಸಿದ ಸಾಕ್ಷ್ಯ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಭಂಡಾರದಲ್ಲಿದ್ದ ಒಂದು ಕಪ್ಪು-ಬಿಳುಪು ಫೋಟೊ. ದಕ್ಷಿಣದ ದೇವಾಲಯಗಳನ್ನು ಊರೂರು ಸುತ್ತಿ, ಯಾವ ಆಡಂಬರವೂ ಇಲ್ಲದೆ ಆ ಸಂಸ್ಥೆ ತೆಗೆಸಿಟ್ಟ ಲಕ್ಷಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಅದೊಂದು. ಚಿತ್ರದೊಂದಿಗೆ ಊರಿನ ಹೆಸರಿತ್ತು, ದೇವಸ್ಥಾನದ ಹೆಸರಿತ್ತು. ಅಷ್ಟೇ ಸಾಕಾಯಿತು.

ಇದರ ಪಕ್ಕಕ್ಕೆ ಲಂಡನ್ನಿನ ಕಥೆಯನ್ನು ಇಟ್ಟು ನೋಡಬೇಕು. 2023ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಉಗ್ರಾಣದಿಂದ ಸುಮಾರು 2000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಅಥವಾ ಹಾಳಾಗಿವೆ ಎಂಬ ಸಂಗತಿ ಹೊರಬಿತ್ತು. ಕೆಲವು ಇಬೇಯಲ್ಲಿ ಮಾರಾಟಕ್ಕೆ ಬಂದಿದ್ದವು. ಅದನ್ನು ಕಂಡು ಎಚ್ಚರಿಸಿದವರು ಮ್ಯೂಸಿಯಂನವರಲ್ಲ, ಹೊರಗಿನ ಒಬ್ಬ ವ್ಯಾಪಾರಿ. ಅದೂ ಎರಡು ವರ್ಷ ಮೊದಲೇ. ಎಂಬತ್ತು ಲಕ್ಷ ವಸ್ತುಗಳಿರುವ ಆ ಸಂಸ್ಥೆಯಲ್ಲಿ ಲಕ್ಷಾಂತರ ವಸ್ತುಗಳಿಗೆ ಸರಿಯಾದ ದಾಖಲೆಯೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕದ್ದರೆ ಕಳುವಾಯಿತೆಂದು ಹೇಳುವುದಾದರೂ ಹೇಗೆ? ಇಡೀ ಸಂಗ್ರಹವನ್ನು ಐದು ವರ್ಷದಲ್ಲಿ ಡಿಜಿಟಲೀಕರಣ ಮಾಡುತ್ತೇವೆ ಎಂದು ಮ್ಯೂಸಿಯಂ ಅವಸರದಲ್ಲಿ ಘೋಷಿಸಿತು. ಗ್ರೀಸಿಗೋ ನೈಜೀರಿಯಾಕ್ಕೋ ವಸ್ತುಗಳನ್ನು ಮರಳಿಸಿದರೆ ಅಲ್ಲಿ ಅವು ಭದ್ರವಾಗಿರುತ್ತವೆಯೇ ಎಂದು ಕೇಳುತ್ತಿದ್ದವರು ಆ ವರ್ಷ ಸ್ವಲ್ಪ ತಣ್ಣಗಾದರು.

ಕಲೆ ಮತ್ತು ಡಿಜಿಟಲ್ ತಂತ್ರಜ್ಞಾನ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಗೋಡೆ ತುಂಬ ಹರಿದಾಡುವ ವಾನ್ ಗೋನ ಸೂರ್ಯಕಾಂತಿ, ತಲೆಗೆ ಕಟ್ಟಿಕೊಂಡು ನೋಡುವ ವರ್ಚುವಲ್ ಲೋಕ, ಕೃತಕ ಬುದ್ಧಿಮತ್ತೆ ಬರೆದ ಚಿತ್ರ. ಹಣವೂ ಸುದ್ದಿಯೂ ಹರಿಯುವುದು ಅತ್ತಲೇ. ಈ ವಿಷಯದ ಮೇಲೆ ಕಲಾಚರಿತ್ರೆಕಾರರು, ಕಲಾವಿದರು, ವಕೀಲರು ನಡೆಸಿರುವ ವಾಗ್ವಾದವನ್ನು ಒಟ್ಟಾಗಿ ನೋಡಿದರೆ ಮಾತ್ರ ಬೇರೆ ಚಿತ್ರ ಸಿಗುತ್ತದೆ. ಅಸಲು-ನಕಲಿನ ಹಳೆಯ ತಕರಾರಿಗಿಂತ ಹರಿತವಾದ ಪ್ರಶ್ನೆ, ವಸ್ತುವಿನ ವಿವರವನ್ನು ಯಾರು ಬರೆದರು, ಆ ಕಡತದ ಕೀಲಿ ಯಾರ ಕೈಲಿದೆ ಎಂಬುದು.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಕಲಾಚರಿತ್ರೆ ಎಂಬ ಶಾಸ್ತ್ರ ಯಂತ್ರದ ಸಹವಾಸವಿಲ್ಲದೆ ಶುದ್ಧವಾಗಿದ್ದ ಕಾಲವೇ ಇಲ್ಲ. ಎರಡು ಸ್ಲೈಡುಗಳನ್ನು ಅಕ್ಕಪಕ್ಕ ಬಿಟ್ಟು ಹೋಲಿಸುವ ಪಾಠಕ್ರಮವನ್ನು ರೂಢಿಗೆ ತಂದವನು ಹೈನ್ರಿಶ್ ವುಲ್ಫ್ಲಿನ್. 1915ರ ಅವನ ಪ್ರಸಿದ್ಧ ಗ್ರಂಥದ ಜೋಡಿ ಜೋಡಿ ಪರಿಕಲ್ಪನೆಗಳಲ್ಲಿ ಆ ಎರಡು ಪ್ರೊಜೆಕ್ಟರುಗಳ ನೆರಳಿದೆ. ಆಬಿ ವಾರ್ಬುರ್ಗ್ 1929ರಲ್ಲಿ ತೀರಿಕೊಳ್ಳುವ ತನಕ ಕಪ್ಪು ಬಟ್ಟೆ ಹೊದಿಸಿದ ಹಲಗೆಗಳ ಮೇಲೆ ಸಾವಿರದಷ್ಟು ಫೋಟೊಗಳನ್ನು ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿ ಕೂತಿದ್ದ. ಗ್ರೀಕ್ ಶಿಲ್ಪದ ಒಂದು ಭಂಗಿ ಅಂಚೆಚೀಟಿಯವರೆಗೆ ಹೇಗೆ ನಡೆದು ಬಂತು ಎಂದು ತೋರಿಸುವುದು ಅವನ ಹಂಬಲ. ಇವತ್ತು ಕಂಪ್ಯೂಟರ್ ಲಕ್ಷಗಟ್ಟಲೆ ಚಿತ್ರಗಳಲ್ಲಿ ಹೋಲಿಕೆ ಹುಡುಕುವಾಗ ಮಾಡುವುದು ಅದನ್ನೇ, ವಾರ್ಬುರ್ಗನ ಓದಿನ ಹೊರತಾಗಿ. ಆಂಡ್ರೆ ಮಾಲ್ರೊ 1947ರಲ್ಲಿ 'ಗೋಡೆಗಳಿಲ್ಲದ ಮ್ಯೂಸಿಯಂ' ಎಂದದ್ದು ಕೂಡ ಫೋಟೊ ಪುಸ್ತಕಗಳನ್ನು ಕುರಿತೇ. ಬೆರಳುಗಾತ್ರದ ಮುದ್ರೆಯೂ ಆಳೆತ್ತರದ ವಿಗ್ರಹವೂ ಒಂದೇ ಪುಟದಲ್ಲಿ ಒಂದೇ ಅಳತೆಗೆ ಬಂದು ನಿಲ್ಲುತ್ತವೆ ಎಂಬುದನ್ನು ಅವನು ಗಮನಿಸಿದ್ದ. ಫೋನಿನ ಪರದೆ ಆ ಕೆಲಸವನ್ನು ಮುಂದುವರಿಸಿದೆ.

ವಾಲ್ಟರ್ ಬೆಂಜಮಿನ್‌ನ ಪ್ರಭಾವಳಿ ಸಿದ್ಧಾಂತವನ್ನು ಪ್ರಸ್ತಾಪಿಸದ ಲೇಖನ ಈ ವಿಷಯದಲ್ಲಿ ಸಿಗುವುದೇ ಕಷ್ಟ. ಯಾಂತ್ರಿಕ ಮರುಮುದ್ರಣದಿಂದ ಕಲಾಕೃತಿಯ ಪ್ರಭಾವಳಿ ಕರಗುತ್ತದೆ ಎಂದು 1936ರ ಹೊತ್ತಿಗೆ ಅವನು ಬರೆದ. ಯುರೋಪಿನ ಮಟ್ಟಿಗೆ ಇದು ನಿಜವೋ ಏನೋ. ನಮ್ಮ ಮನೆಗಳಲ್ಲಿ ನಡೆದದ್ದು ತಿರುವುಮುರುವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣದ ಪ್ರೆಸ್ಸು ಹಾಕಿದ. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರ ಅಚ್ಚುಗಳು ದೇವರ ಗೂಡು ಸೇರಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಊದುಬತ್ತಿಯ ಹೊಗೆಗೆ ಕಪ್ಪಿಟ್ಟವು. ಅವನ ಮೂಲ ತೈಲಚಿತ್ರಗಳಿಗೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯಾರೂ ಮಂಗಳಾರತಿ ಎತ್ತುವುದಿಲ್ಲ. ನಕಲಿಗೆ ಪೂಜೆ, ಅಸಲಿಗೆ ಟಿಕೆಟ್ಟು! ಕ್ರಿಸ್ಟೊಫರ್ ಪಿನ್ನಿ, ಕಜ್ರಿ ಜೈನ್ ಮೊದಲಾದವರು ಕ್ಯಾಲೆಂಡರ್ ಚಿತ್ರಗಳ ಬಗ್ಗೆ ಬರೆದ ಮೇಲೆ, ಪ್ರಭಾವಳಿ ಹುಟ್ಟುವುದು ವಸ್ತುವಿನಲ್ಲೋ ಅದರ ಜೊತೆ ಜನ ಮಾಡುವ ವ್ಯವಹಾರದಲ್ಲೋ ಎಂಬ ಪ್ರಶ್ನೆ ಗಟ್ಟಿಯಾಗಿ ನಿಂತಿದೆ. ನನಗಂತೂ ಎರಡನೆಯದೇ ಸರಿಯೆನಿಸುತ್ತದೆ. ಹಾಗಾಗಿ 'ಪರದೆಯಲ್ಲಿ ನೋಡಿದರೆ ಕಲೆ ಸಾಯುತ್ತದೆ' ಎಂಬ ಗೋಳಾಟವನ್ನು ಇಲ್ಲಿಗೇ ಬಿಟ್ಟು ಮುಂದೆ ಹೋಗಬಹುದು.

ಪರದೆ ಕಣ್ಣಿಗೆ ಹೊಸ ಶಕ್ತಿ ಕೊಟ್ಟಿರುವುದನ್ನು ಅಲ್ಲಗಳೆಯಲಾಗದು. ಆಮ್ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂ ರೆಂಬ್ರಾಂಟನ 'ನೈಟ್ ವಾಚ್' ಚಿತ್ರವನ್ನು 2019ರಿಂದ ಸಾರ್ವಜನಿಕರ ಎದುರೇ ಗಾಜಿನ ಕೋಣೆಯಲ್ಲಿಟ್ಟು ಪರೀಕ್ಷಿಸುತ್ತಿದೆ. 2022ರಲ್ಲಿ ಅದು 8,439 ಫೋಟೊಗಳನ್ನು ಹೊಲಿದು 717 ಗಿಗಾಪಿಕ್ಸೆಲ್‌ಗಳ ಒಂದೇ ಚಿತ್ರ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಬಣ್ಣದ ಕಣ ಕಣವೂ ಕಾಣುತ್ತದೆ. ಮ್ಯೂಸಿಯಂನಲ್ಲಿ ಹಗ್ಗದಾಚೆ ನಿಂತವನಿಗೆ ಇದು ಎಂದೂ ದಕ್ಕದ ನೋಟ. ಇದೇ ಸಂಸ್ಥೆ 2012ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಉಚಿತವಾಗಿ ತೆರೆದಿಟ್ಟದ್ದರ ಹಿಂದೆ ಒಂದು ಸ್ವಾರಸ್ಯವಿದೆ. ವರ್ಮೀರನ ಹಾಲು ಸುರಿಯುವ ಹೆಂಗಸಿನ ಚಿತ್ರದ ಹಳದಿಗಟ್ಟಿದ ಕಳಪೆ ಪ್ರತಿಗಳು ಇಂಟರ್‌ನೆಟ್ಟಿನಲ್ಲಿ ಸಾವಿರಗಟ್ಟಲೆ ಹರಡಿ, ಮ್ಯೂಸಿಯಂನ ಅಂಗಡಿಯಲ್ಲಿ ಸರಿಯಾದ ಬಣ್ಣದ ಕಾರ್ಡು ಕಂಡವರು ಅದನ್ನೇ ನಂಬದಾದರು. ಕೆಟ್ಟ ನಕಲನ್ನು ಓಡಿಸಲು ಒಳ್ಳೆಯ ನಕಲನ್ನು ಧಾರಾಳವಾಗಿ ಹಂಚುವುದೇ ದಾರಿ ಎಂದು ಅವರಿಗೆ ಹೊಳೆಯಿತು.

ಹೆಚ್ಚು ಕಂಡಮಾತ್ರಕ್ಕೆ ಹೆಚ್ಚು ತಿಳಿಯುತ್ತದೆಯೇ? ಇಲ್ಲಿಂದ ವಿದ್ವಾಂಸರ ಜಗಳ ಶುರು. ಜೊಹಾನ ಡ್ರಕರ್ 2013ರಲ್ಲಿ ಬರೆದ ಲೇಖನದಲ್ಲಿ ಎರಡನ್ನು ಬೇರ್ಪಡಿಸಿದರು. ಚಿತ್ರಗಳನ್ನು ಸ್ಕ್ಯಾನ್ ಮಾಡಿ ಜಾಲದಲ್ಲಿ ಇಡುವುದು ಒಂದು. ಗಣಕದ ಲೆಕ್ಕಾಚಾರದಿಂದಲೇ ಹೊಸ ಪ್ರಶ್ನೆ ಎತ್ತುವುದು ಇನ್ನೊಂದು. ಮೊದಲನೆಯದು ಬೇಕಾದಷ್ಟು ಆಗಿದೆ, ಎರಡನೆಯದು ಇನ್ನೂ ಹುಟ್ಟಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಲೆವ್ ಮನೊವಿಚ್‌ರಂಥವರು ಸಾವಿರಾರು ಚಿತ್ರಗಳ ಬಣ್ಣ, ಹೊಳಪುಗಳನ್ನು ಅಳೆದು ನಕ್ಷೆ ಹಾಕತೊಡಗಿದಾಗ ಆ ಎರಡನೆಯದು ಬಂದೇಬಿಟ್ಟಿತು ಎಂದು ಹಲವರು ಸಂಭ್ರಮಿಸಿದರು. ಕ್ಲೇರ್ ಬಿಷಪ್ ಈ ಸಂಭ್ರಮಕ್ಕೆ ನೇರವಾಗಿ ಅಡ್ಡ ನಿಂತರು. ಎಣಿಸಲು ಬರುವುದನ್ನಷ್ಟೇ ಕೇಳುವ ಈ ಕ್ರಮ ಕೊನೆಗೆ ಕಂಡುಹಿಡಿಯುವುದು ಎಲ್ಲರಿಗೂ ಗೊತ್ತಿದ್ದದ್ದನ್ನೇ. ವಿಶ್ವವಿದ್ಯಾಲಯಗಳನ್ನು ಅಂಕಿಸಂಖ್ಯೆಗಳಿಂದ ಅಳೆಯುವ ಆಡಳಿತದ ಗೀಳಿಗೂ ಇದಕ್ಕೂ ನೆಂಟಸ್ತಿಕೆಯಿದೆ ಎಂಬುದು ಅವರ ವಾದದ ತಿರುಳು. ನಮ್ಮಲ್ಲಿ ಸಂಶೋಧನ ಲೇಖನಗಳಿಗೆ ಅಂಕ ಹಾಕಿ ಬಡ್ತಿ ಕೊಡುವ ಪದ್ಧತಿಯನ್ನು ಕಂಡ ಅಧ್ಯಾಪಕರಿಗೆ ಈ ನೆಂಟಸ್ತಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಷಪ್ ಅವರ ಕೋಪವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಏಕೆಂದರೆ ಎಣಿಕೆಯಿಂದಲೇ ಬಗೆಹರಿಯಬೇಕಾದ ಒಳ್ಳೆಯ ಪ್ರಶ್ನೆಗಳು ನಮ್ಮ ನೆಲದಲ್ಲಿಯೇ ಬಿದ್ದಿವೆ. ಭಾರತದ ಹಳೆಯ ಶಿಲ್ಪಿಗಳು ಹೆಸರು ಬಿಟ್ಟುಹೋಗಲಿಲ್ಲ ಎಂಬ ಮಾತು ಹೊಯ್ಸಳರ ನಾಡಿನಲ್ಲಿ ಸುಳ್ಳು. ಬೇಲೂರಿನ ದಾಸೋಜ, ಅವನ ಮಗ ಚಾವಣ ಮದನಿಕೆಯರ ಪೀಠದ ಮೇಲೆ ಬಿರುದುಗಳ ಸಮೇತ ಸಹಿ ಹಾಕಿದ್ದಾರೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ದೇವಾಲಯದಲ್ಲಿಯೂ ಇದೆ, 1258ರ ಸೋಮನಾಥಪುರದಲ್ಲಿಯೂ ಇದೆ. ಅರವತ್ತು ವರ್ಷಕ್ಕೂ ಮಿಕ್ಕಿದ ಈ ಅಂತರದಲ್ಲಿ ಉಳಿ ಹಿಡಿದವನು ಒಬ್ಬನೇ ಮಲ್ಲಿತಮ್ಮನೋ, ಒಂದೇ ಹೆಸರಿನ ಇಬ್ಬರೋ, ಅಥವಾ ಅದೊಂದು ಮನೆತನದ ಗುರುತೋ? ಎಲ್ಲ ಸಹಿಗಳ ಅಕ್ಷರದ ತಿರುವು, ಶಿಲ್ಪದ ಅಳತೆ, ಕಾಲ, ಸ್ಥಳಗಳನ್ನು ಒಂದೆಡೆ ಸೇರಿಸಿದರೆ ಗಣಕ ಇದರಲ್ಲಿ ನಿಜವಾಗಿ ನೆರವಾದೀತು. ಅದಕ್ಕೆ ಮೊದಲು ಯಾರೋ ಒಬ್ಬರು ಏಣಿ ಹತ್ತಿ, ಪ್ರತಿ ಪೀಠದ ಬರಹವನ್ನು ಓದಿ, ಪಟ್ಟಿಗೆ ಇಳಿಸಬೇಕು.

ಪಟ್ಟಿಯೂ ನಿರ್ಲಿಪ್ತವಲ್ಲ. ಕಲಾಕೃತಿಗಳ ವಿಷಯವನ್ನು ವರ್ಗೀಕರಿಸಲು ಯುರೋಪಿನ ಮ್ಯೂಸಿಯಂಗಳು ಬಹಳವಾಗಿ ನೆಚ್ಚಿಕೊಂಡಿರುವ ಐಕಾನ್‌ಕ್ಲಾಸ್ ಎಂಬ ಪದ್ಧತಿ ನೆದರ್‌ಲ್ಯಾಂಡಿನಲ್ಲಿ ಹುಟ್ಟಿದ್ದು. ಅದರ ಹತ್ತು ಮುಖ್ಯ ವಿಭಾಗಗಳಲ್ಲಿ ಒಂದು ಪೂರ್ತಿ ಬೈಬಲ್ಲಿಗೆ, ಇನ್ನೊಂದು ಗ್ರೀಕ್-ರೋಮನ್ ಪುರಾಣ ಮತ್ತು ಪ್ರಾಚೀನ ಚರಿತ್ರೆಗೆ. ಕ್ರೈಸ್ತೇತರ ಧರ್ಮಗಳೆಲ್ಲ ಮತ್ತೊಂದು ವಿಭಾಗದ ಒಂದು ಕೊಂಬೆಯಲ್ಲಿ ಒತ್ತೊತ್ತಾಗಿ ಕೂತಿವೆ. ಇಂಥ ಚೌಕಟ್ಟಿನೊಳಗೆ ನಮ್ಮ ವೀರಗಲ್ಲನ್ನು ಎಲ್ಲಿಡುವುದು? ಕೆಳಗಿನ ಪಟ್ಟಿಕೆಯಲ್ಲಿ ತುರು ಬಿಡಿಸುವ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಸನ್ನಿಧಿ. ಮೂರೂ ಸೇರಿ ಒಂದು ಕಥೆ. 'ಶಿಲೆ, ಯೋಧ, ಪ್ರಾಣಿ' ಎಂದು ಗುರುತು ಹಾಕಿದರೆ ಕಥೆ ಹೋಯಿತು. ಮಾಸ್ತಿಗಲ್ಲಿನ ಬಳೆ ತೊಟ್ಟ ತೋಳನ್ನು 'ಸ್ತ್ರೀ, ಕೈ' ಎಂದರೆ ಸುಟ್ಟುಹೋದ ಹೆಂಗಸೇ ಅಳಿಸಿಹೋಗುತ್ತಾಳೆ. ಚಿತ್ರಗಳಿಗೆ ಅಂಟಿಸುವ ಇಂಥ ಚೀಟಿಗಳ ರಾಜಕೀಯವನ್ನು ಕೇಟ್ ಕ್ರಾಫರ್ಡ್ ಮತ್ತು ಟ್ರೆವರ್ ಪ್ಯಾಗ್ಲೆನ್ 2019ರಲ್ಲಿ ಬಯಲಿಗೆಳೆದರು. ಯಂತ್ರಗಳಿಗೆ ಕಲಿಸಲು ಬಳಸುತ್ತಿದ್ದ ಇಮೇಜ್‌ನೆಟ್ ಸಂಗ್ರಹ ಮನುಷ್ಯರ ಮುಖಗಳಿಗೆ ಎಂತೆಂಥ ಅವಹೇಳನದ ಹೆಸರು ಹಚ್ಚಿತ್ತೆಂದು ಅವರು ಜನರ ಫೋಟೊಗಳ ಮೇಲೆಯೇ ಪ್ರಯೋಗಿಸಿ ತೋರಿಸಿದರು. ಸಂಗ್ರಹದವರು ಲಕ್ಷಾಂತರ ಚಿತ್ರಗಳನ್ನು ತೆಗೆದುಹಾಕಬೇಕಾಯಿತು.

ಇನ್ನು ಹಕ್ಕಿನ ಮಾತು. ಕಲಾವಿದ ಸತ್ತು ನೂರಾರು ವರ್ಷವಾದ ಚಿತ್ರಕ್ಕೆ ಕೃತಿಸ್ವಾಮ್ಯವಿಲ್ಲ. ಆದರೆ ಅದರ ಫೋಟೊಕ್ಕೆ? ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1999ರಲ್ಲಿ ಬ್ರಿಜ್‌ಮನ್ ಮೊಕದ್ದಮೆಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ತೆಗೆದ ಫೋಟೊದಲ್ಲಿ ಹೊಸ ಸೃಷ್ಟಿ ಏನೂ ಇಲ್ಲ, ಹಾಗಾಗಿ ಹಕ್ಕೂ ಇಲ್ಲ ಎಂದಿತು. ಯುರೋಪಿನ ಒಕ್ಕೂಟ 2019ರ ನಿರ್ದೇಶನದಲ್ಲಿ ಇದೇ ಹಾದಿ ಹಿಡಿಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ಬರ್ಲಿನ್ನಿನ ನೆಫರ್ಟಿಟಿಯ ಪ್ರಸಂಗ ಇದಕ್ಕೆ ವಿರುದ್ಧ. 1912ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕಿ ಜರ್ಮನಿ ಸೇರಿದ ಆ ರಾಣಿಯ ಮುಖವನ್ನು ತಾವು ಕದ್ದುಮುಚ್ಚಿ ಸ್ಕ್ಯಾನ್ ಮಾಡಿದ್ದಾಗಿ ನೋರಾ ಅಲ್-ಬದ್ರಿ ಮತ್ತು ಯಾನ್ ನಿಕೊಲಾಯ್ ನೆಲ್ಲಸ್ ಎಂಬ ಕಲಾವಿದರು ಹೇಳಿಕೊಂಡು ಆ ಫೈಲನ್ನು ಜಗತ್ತಿಗೇ ಹಂಚಿದರು. ಅವರ ಕೈಯಲ್ಲಿದ್ದಂಥ ಸಾಧಾರಣ ಉಪಕರಣದಿಂದ ಅಷ್ಟು ನಯವಾದ ಸ್ಕ್ಯಾನ್ ಸಾಧ್ಯವೇ ಇಲ್ಲ ಎಂದು ಬಲ್ಲವರು ನಕ್ಕರು. ಆ ನಗುವಿನ ನಡುವೆ ಕಾಸ್ಮೊ ವೆನ್‌ಮನ್ ಎಂಬಾತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಮೂರು ವರ್ಷ ಗುದ್ದಾಡಿದ. ಅಸಲಿ ಸ್ಕ್ಯಾನ್ ಕೊಟ್ಟರೆ ತಮ್ಮ ಅಂಗಡಿಯ ಪ್ರತಿಕೃತಿ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎನ್ನುವುದು ಮೂರ್ತಿಯನ್ನು ಇಟ್ಟುಕೊಂಡಿರುವ ಮ್ಯೂಸಿಯಂ ಸಂಸ್ಥೆಯ ಆಕ್ಷೇಪ. 2019ರಲ್ಲಿ ಫೈಲು ಕೊನೆಗೂ ಸಿಕ್ಕಿತು. ತೆರೆದು ನೋಡಿದರೆ, ಮೂರು ಸಾವಿರ ವರ್ಷಗಳಿಗೂ ಹಳೆಯ ರಾಣಿಯ ಬುಡದಲ್ಲಿ 'ವಾಣಿಜ್ಯ ಬಳಕೆ ನಿಷಿದ್ಧ' ಎಂಬ ಪರವಾನಗಿಯನ್ನು ಡಿಜಿಟಲ್ ಉಳಿಯಿಂದ ಕೆತ್ತಿಟ್ಟಿದ್ದರು!

ಸಿರಿಯಾದ ಪಾಲ್ಮೈರಾದಲ್ಲಿ ಪ್ರತಿಕೃತಿಯ ಒಡೆತನದ ಈ ಪ್ರಶ್ನೆ ನಗೆಯ ವಿಷಯವಾಗಿ ಉಳಿಯುವುದಿಲ್ಲ. 2015ರಲ್ಲಿ ಐಎಸ್ ಉಗ್ರರು ಅಲ್ಲಿನ ಪುರಾತತ್ವಜ್ಞ ಖಾಲಿದ್ ಅಲ್-ಅಸಾದ್ ಅವರನ್ನು ಕೊಂದರು, ಬೇಲ್ ದೇವಾಲಯವನ್ನೂ ರೋಮನ್ ಕಾಲದ ಕಮಾನನ್ನೂ ಸಿಡಿಸಿದರು. ಮರುವರ್ಷ ಏಪ್ರಿಲ್ಲಿನಲ್ಲಿ ಆ ಕಮಾನಿನ ಚಿಕ್ಕ ಪ್ರತಿಕೃತಿಯನ್ನು ಅಮೃತಶಿಲೆಯಲ್ಲಿ ಯಂತ್ರದಿಂದ ಕಡೆಸಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಲ್ಲಿಸಲಾಯಿತು; ಆಮೇಲೆ ಅದು ನ್ಯೂಯಾರ್ಕು, ದುಬೈಗೆ ಪ್ರವಾಸ ಹೋಯಿತು. ಸಿರಿಯಾದ ನಿರಾಶ್ರಿತರಿಗೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಯುರೋಪಿನಲ್ಲಿ ಸಿರಿಯಾದ ಕಲ್ಲಿಗೆ ಮಾತ್ರ ಸ್ವಾಗತ. ಪಾಲ್ಮೈರಾದ ಮೂರು ಆಯಾಮದ ಮಾದರಿಗಳನ್ನು ಎಲ್ಲರಿಗೂ ಸಿಗುವಂತೆ ಮಾಡಲು ಮೊದಲು ಹೊರಟವನು ದಮಾಸ್ಕಸ್ಸಿನ ಬಾಸೆಲ್ ಖರ್ತಬಿಲ್. ಅವನನ್ನು ಸಿರಿಯಾದ ಸರ್ಕಾರವೇ 2012ರಲ್ಲಿ ಬಂಧಿಸಿ 2015ರಲ್ಲಿ ಮರಣದಂಡನೆಗೆ ಗುರಿಪಡಿಸಿತು. ಲಂಡನ್ನಿನ ಸಮಾರಂಭದ ಹೊತ್ತಿಗೆ ಹೊರಲೋಕಕ್ಕೆ ಅವನ ಸಾವಿನ ಸುದ್ದಿಯೂ ಗೊತ್ತಿರಲಿಲ್ಲ. ಇರಾನಿನಲ್ಲಿ ಹುಟ್ಟಿದ ಕಲಾವಿದೆ ಮೊರೆಹ್‌ಶಿನ್ ಅಲ್ಲಾಹ್ಯಾರಿ ಇಂಥದನ್ನೆಲ್ಲ ಡಿಜಿಟಲ್ ವಸಾಹತುಶಾಹಿ ಎಂದು ಕರೆದರು. ಮೋಸುಲ್ ಮತ್ತು ಹತ್ರಾದಲ್ಲಿ ಒಡೆದ ವಿಗ್ರಹಗಳನ್ನು ಅವರೂ ಪಾರದರ್ಶಕ ರಾಳದಲ್ಲಿ ಮುದ್ರಿಸಿದ್ದಾರೆ. ವ್ಯತ್ಯಾಸವೆಂದರೆ ಪ್ರತಿಯೊಂದರ ಹೊಟ್ಟೆಯಲ್ಲಿ ಒಂದು ಮೆಮೊರಿ ಕಾರ್ಡು ಇಟ್ಟು, ಆ ವಿಗ್ರಹದ ಬಗ್ಗೆ ತಾವು ಕಲೆಹಾಕಿದ ನಕ್ಷೆ, ಪತ್ರ, ಟಿಪ್ಪಣಿಗಳನ್ನೆಲ್ಲ ತುಂಬಿದರು. ಆ ವಿಗ್ರಹದೊಂದಿಗೆ ಅದರ ಕಡತವೂ ಹೋಗುತ್ತದೆ.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೇ ನ್ಯಾಯವೇ? ನಾನು ಮೇಲೆ ರೈಕ್ಸ್‌ಮ್ಯೂಸಿಯಂನ ಧಾರಾಳತನವನ್ನು ಹೊಗಳಿದ್ದರಿಂದ ಇದಕ್ಕೆ ಉತ್ತರ ಹೇಳಲೇಬೇಕು. ಫ್ರಾನ್ಸಿನ ಅಧ್ಯಕ್ಷರ ಕೋರಿಕೆಯ ಮೇಲೆ ಫೆಲ್ವಿನ್ ಸಾರ್ ಮತ್ತು ಬೆನೆಡಿಕ್ಟ್ ಸವಾಯ್ 2018ರಲ್ಲಿ ಕೊಟ್ಟ ವರದಿ, ಆಫ್ರಿಕಾದಿಂದ ಒಯ್ದ ವಸ್ತುಗಳನ್ನು ಮರಳಿಸಿ ಎಂದು ಧೈರ್ಯವಾಗಿ ಹೇಳಿತು. ಜೊತೆಗೆ ಅವೆಲ್ಲವನ್ನೂ ಡಿಜಿಟಲೀಕರಿಸಿ ಮುಕ್ತವಾಗಿಡಬೇಕೆಂದೂ ಸೂಚಿಸಿತು. ಕಾನೂನು ತಜ್ಞೆಯರಾದ ಮಥಿಲ್ಡ್ ಪಾವಿಸ್ ಮತ್ತು ಆಂಡ್ರಿಯಾ ವ್ಯಾಲೆಸ್ ಇದರ ಎರಡನೇ ಭಾಗವನ್ನು ಹಿಡಿದು ನಿಲ್ಲಿಸಿದರು. ನೂರಕ್ಕೂ ಹೆಚ್ಚು ವಿದ್ವಾಂಸರು ಅವರೊಡನೆ ಸಹಿ ಹಾಕಿದರು. ರೆಂಬ್ರಾಂಟನ ಚಿತ್ರವನ್ನು ಡಚ್ಚರು ತಾವೇ ಯೋಚಿಸಿ ತೆರೆದಿಟ್ಟರು. ಲೂಟಿಯಾದ ವಸ್ತುವಿನ ವಿಷಯದಲ್ಲಿ ಚಿತ್ರ ತೆಗೆಯಬೇಕೇ, ಯಾರಿಗೆ ತೋರಿಸಬೇಕು ಎಂಬ ತೀರ್ಮಾನವೂ ಕಳೆದುಕೊಂಡವರದೇ ಆಗಬೇಕು ಎನ್ನುವುದು ಅವರ ವಾದ. ವಸ್ತು ಮರಳಿಸಿ ಚಿತ್ರವನ್ನು ಇಟ್ಟುಕೊಳ್ಳುವುದು ಅರ್ಧ ಮರಳಿಸಿದಂತೆ. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ನಗರವನ್ನು ಸುಟ್ಟು ದೋಚಿದ ಕಂಚಿನ ಫಲಕಗಳ, ದಂತದ ಕೆತ್ತನೆಗಳ ವಿವರವನ್ನು 2022ರಲ್ಲಿ 'ಡಿಜಿಟಲ್ ಬೆನಿನ್' ಒಂದೆಡೆ ತಂದಿತು: 20 ದೇಶಗಳ 131 ಸಂಸ್ಥೆಗಳಲ್ಲಿ ಚದುರಿದ 5,246 ವಸ್ತುಗಳು. ಎದೋ ಭಾಷೆಯ ಹೆಸರುಗಳು, ಆ ನಾಡಿನ ಹಿರಿಯರ ಮಾತುಗಳು ಅದರಲ್ಲಿವೆ. ಯಾವ ಮ್ಯೂಸಿಯಂನಲ್ಲಿ ಎಷ್ಟಿದೆ ಎಂಬ ಲೆಕ್ಕವೂ ಇದೆ, ಮುಂದಿನ ಚೌಕಾಶಿಗೆ ಅದು ಬೇಕೇಬೇಕು.

ತೋರಿಸದಿರುವ ಹಕ್ಕಿಗೆ ಆಸ್ಟ್ರೇಲಿಯಾದ ವಾರುಮುಂಗು ಜನ ಒಂದು ಸಾಫ್ಟ್‌ವೇರನ್ನೇ ಕೊಟ್ಟಿದ್ದಾರೆ. ಕಿಂ ಕ್ರಿಸ್ಟನ್ ಅವರೊಡನೆ ಸೇರಿ ಕಟ್ಟಿದ 'ಮುಕುರ್ತು' ವ್ಯವಸ್ಥೆಯಲ್ಲಿ ಯಾವ ಚಿತ್ರವನ್ನು ಯಾವ ಕುಲದವರು, ಗಂಡಸರೋ ಹೆಂಗಸರೋ ನೋಡಬಹುದು, ಸತ್ತವರ ಮುಖ ಕಾಣಿಸಬಹುದೇ ಎಂಬ ಸಮುದಾಯದ ಕಟ್ಟಳೆಗಳನ್ನೇ ಗಣಕ ಪಾಲಿಸುತ್ತದೆ. ಕರಾವಳಿಯವರಿಗೆ ಇದು ದೂರದ ಮಾತೆನಿಸದು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತಗಳ ಹಳೆಯ ಮರದ ಪ್ರತಿಮೆಗಳು ದೆಹಲಿಯ ಕರಕುಶಲ ಮ್ಯೂಸಿಯಂ ಸೇರಿ ದಶಕಗಳೇ ಆದವು. ಅಲ್ಲಿ ಅವು ಜಾನಪದ ಶಿಲ್ಪ, ಊರಿನಲ್ಲಿ ದೈವ. 'ಕಾಂತಾರ' ಸಿನಿಮಾ ಬಂದ ಮೇಲೆ ಭೂತಕೋಲದ ವೇಷ, ಕೂಗುಗಳನ್ನು ರೀಲ್ಸ್‌ಗಳಲ್ಲಿ ಅನುಕರಿಸಿದಾಗ ದೈವಾರಾಧಕರು ಎತ್ತಿದ ಆಕ್ಷೇಪವನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದವರಿದ್ದಾರೆ. ನನಗೆ ಅದರಲ್ಲಿ ಪಾವಿಸ್-ವ್ಯಾಲೆಸ್‌ರ ಪ್ರಶ್ನೆಯೇ ತುಳುವಿನಲ್ಲಿ ಕೇಳಿಸುತ್ತದೆ. ಒಂದು ತೊಡಕೂ ಇದೆ, ಮುಚ್ಚಿಡಬಾರದು. ಸಮುದಾಯದ ಪರವಾಗಿ ಮಾತಾಡುವವರು ಯಾರು? ಕೋಲ ಕಟ್ಟುವ ಪಂಬದ, ನಲಿಕೆ, ಪರವರೋ, ಗುತ್ತಿನ ಮನೆಯ ಯಜಮಾನರೋ?

ಕೃತಕ ಬುದ್ಧಿಮತ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಗದ್ದಲ ದಿನಾ ಕೇಳುತ್ತಲೇ ಇದೆ. ಎರಡು ಉದಾಹರಣೆ ಸಾಕು. ಒಂದು ದುಂಡು ಚಿತ್ರ ರಾಫೆಲ್‌ನದೇ ಎಂದು 2023ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ತಂಡವೊಂದು ಮುಖ ಗುರುತಿಸುವ ತಂತ್ರಾಂಶದಿಂದ ಸಾಧಿಸಿತು. ಅದೇ ವರ್ಷ ಸ್ವಿಟ್ಜರ್‌ಲ್ಯಾಂಡಿನ ಕಂಪನಿಯೊಂದರ ಯಂತ್ರ ಅದೇ ಚಿತ್ರವನ್ನು ನೋಡಿ, ರಾಫೆಲ್‌ನದಲ್ಲ ಎಂದು ನೂರಕ್ಕೆ 85ರಷ್ಟು ಖಚಿತವಾಗಿ ಹೇಳಿತು. ಶೇಕಡಾವಾರು ಅಂಕಿಗಳಿಗೆ ಒಂದು ಗತ್ತಿದೆ, ಆದರೆ ಯಾವ ಚಿತ್ರಗಳನ್ನು ಉಣಿಸಿ ಆ ಯಂತ್ರವನ್ನು ಬೆಳೆಸಿದರು ಎಂಬುದನ್ನು ಬಿಟ್ಟರೆ ಅವುಗಳಿಗೆ ಅರ್ಥವಿಲ್ಲ. ಇನ್ನೊಂದು ಉದಾಹರಣೆ ಬೆಂಗಳೂರಿನದೇ. ಕಸ್ತೂರಬಾ ರಸ್ತೆಯ ಮ್ಯಾಪ್ ಮ್ಯೂಸಿಯಂ ಕಟ್ಟಡ ತೆರೆಯುವ ಮುಂಚೆಯೇ, 2020ರ ಡಿಸೆಂಬರಿನಲ್ಲಿ ಜಾಲದ ಮೇಲೆ ಬಾಗಿಲು ತೆರೆಯಿತು. ಕೋವಿಡ್ ಕಾಲದಲ್ಲಿ ಅದು ದಿಟ್ಟ ನಡೆ. ಅದರ ಅಕಾಡೆಮಿಯ ಕಲಾ ವಿಶ್ವಕೋಶ ಇಂದಿಗೂ ಬಹಳ ಉಪಕಾರಿ. ಇದೇ ಮ್ಯೂಸಿಯಂ ಕಲಾವಿದ ಎಂ.ಎಫ್. ಹುಸೇನರ ಡಿಜಿಟಲ್ ಅವತಾರವೊಂದನ್ನು ಮಾಡಿಸಿತು. ಪ್ರಶ್ನೆ ಕೇಳಿದರೆ ಅದು ಉತ್ತರಿಸುತ್ತದೆ. ಹುಸೇನ್ 2006ರಲ್ಲಿ ದೇಶ ಬಿಟ್ಟರು, 2010ರಲ್ಲಿ ಕತಾರಿನ ಪೌರತ್ವ ಪಡೆದರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 'ನೀವು ಊರಿಗೆ ಯಾಕೆ ಮರಳಲಿಲ್ಲ?' ಎಂದು ಆ ಬೆಳಕಿನ ಆಕೃತಿಯನ್ನು ಯಾರಾದರೂ ಕೇಳಿದರೆ ಉತ್ತರದ ಹೊಣೆ ಹೊರುವವರು ಯಾರು? ಬದುಕಿದ್ದ ಹುಸೇನರಾದರೆ ಸಿಟ್ಟಾಗಬಹುದಿತ್ತು, ಸುಮ್ಮನಿರಬಹುದಿತ್ತು, ಎದ್ದು ಹೋಗಬಹುದಿತ್ತು.

ಹಂಪಿಯಷ್ಟು ಡಿಜಿಟಲ್ ಗಮನ ಪಡೆದ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಕಟ್ಟಿದ 'ಪ್ಲೇಸ್-ಹಂಪಿ'ಯಲ್ಲಿ ನೋಡುಗ ನಡುವೆ ನಿಂತು ಸುತ್ತಲಿನ ದೃಶ್ಯವನ್ನು ತಾನೇ ತಿರುಗಿಸಬಹುದು. ದೇಶದೇಶ ಸುತ್ತಿದ ಅದು ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ನೆಲೆಸಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಹಂಪಿ ಯೋಜನೆಯಲ್ಲಿ ಐಐಟಿಗಳಿಂದ ಹಿಡಿದು ಬೆಂಗಳೂರಿನ ಸಂಶೋಧನ ಸಂಸ್ಥೆಗಳವರೆಗೆ ಹಲವರು ಕೈಜೋಡಿಸಿದರು. ಕೆಲಸ ಸೊಗಸಾಗಿದೆ. ಆದರೆ ಇಂಥ ಪುನರ್‌ಸೃಷ್ಟಿಗಳ ಗಡಿಯಾರ ಯಾವಾಗಲೂ ಹದಿನಾರನೇ ಶತಮಾನದಲ್ಲಿ ನಿಂತಿರುತ್ತದೆ. ಆ ಯೋಜನೆಯ ವರ್ಷಗಳಲ್ಲಿಯೇ, 2011ರ ಜುಲೈನಲ್ಲಿ, ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ಮನೆ-ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿ, ಅವರು ಕಟ್ಟಿಕೊಂಡದ್ದನ್ನು ಕೆಡವಲಾಯಿತು. ಸ್ಮಾರಕದ ರಕ್ಷಣೆಗೆ ಅದು ಬೇಕಿತ್ತೋ ಇಲ್ಲವೋ ಎಂಬ ಚರ್ಚೆ ಬೇರೆ. ಆ ಬೀದಿಯಲ್ಲಿ ಬಾಳೆಹಣ್ಣು ಮಾರಿದವರ, ಯಾತ್ರಿಕರಿಗೆ ಕೋಣೆ ಕೊಟ್ಟವರ, ಜಾತ್ರೆಗೆ ದೀಪ ಹಚ್ಚಿದವರ ನೆನಪೂ ಹಂಪಿಯ ಚರಿತ್ರೆಯೇ. ವಿಜಯನಗರದ ಬೀದಿಯನ್ನು ಮರುಸೃಷ್ಟಿಸುವ ಗಣಕಕ್ಕೆ ನಿನ್ನೆಯವರೆಗಿನ ಬೀದಿಯನ್ನು ದಾಖಲಿಸುವುದು ಕಷ್ಟದ ಕೆಲಸವೇನಲ್ಲ, ಯಾರಾದರೂ ಕೇಳಬೇಕಿತ್ತು.

ಇದಕ್ಕಿಂತ ನನಗೆ ಮೆಚ್ಚುಗೆಯಾಗುವುದು ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಡೆಸುತ್ತಿರುವ ಶಾಸನಗಳ ತ್ರೀಡಿ ಸ್ಕ್ಯಾನಿಂಗ್. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕ'ಕ್ಕಾಗಿ ಓದಿಸಿದ ಬೆಂಗಳೂರು ಸುತ್ತಿನ ಕಲ್ಲುಗಳಲ್ಲಿ ಎಷ್ಟೋ ರಸ್ತೆಯಡಿ, ಅಡಿಪಾಯದಡಿ ಹೋಗಿವೆ. ರೈಸನ ಕಾಲದಲ್ಲಿ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಸ್ಕ್ಯಾನರು ಕಲ್ಲಿನ ಮೈಯನ್ನು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಅಳೆಯುತ್ತದೆ. ಪರದೆಯಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟರೆ ಸವೆದ ಅಕ್ಷರ ಎದ್ದು ಬರುತ್ತದೆ. ರೈಸನ ಪಂಡಿತರ ಓದನ್ನು ತಿದ್ದಲೂ ಸಾಧ್ಯವಾಗುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ನಡುವೆ ಮತ್ತೆ ಕಣ್ಣಿಗೆ ಬಿದ್ದ, ಕ್ರಿ.ಶ. 750ರ ಆಸುಪಾಸಿನ ಕಿತ್ತಯ್ಯನ ವೀರಗಲ್ಲಿಗೆ ಸ್ಥಳೀಯರು ಹಣ ಕೂಡಿಸಿ ಮಂಟಪವನ್ನೇ ಕಟ್ಟಿಸಿದ್ದಾರೆ. ಫೈಲಾದ ಮಾತ್ರಕ್ಕೆ ಕಲ್ಲು ಅನಾಥವಾಗಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೂ ಒಂದು ಅನುಮಾನ ಕಾಡುತ್ತದೆ: 'ಹೇಗೂ ಸ್ಕ್ಯಾನ್ ಆಗಿದೆಯಲ್ಲ' ಎಂದು ಹೇಳಿ ಕಲ್ಲನ್ನು ಪಕ್ಕಕ್ಕೆ ಉರುಳಿಸುವ ಗುತ್ತಿಗೆದಾರ ಮುಂದೆ ಹುಟ್ಟಲಾರನೇ?

ಫೈಲೂ ಶಾಶ್ವತವಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕಗಳಿಗೆ ಸುಲಿಗೆಕೋರರು ಕನ್ನ ಹಾಕಿದರು. ಹಣ ಕೊಡಲು ಲೈಬ್ರರಿ ಒಪ್ಪಲಿಲ್ಲ, ಮುಖ್ಯ ಸೂಚಿ ಜಾಲಕ್ಕೆ ಮರಳಲು ಮರುವರ್ಷದ ಜನವರಿ ಬೇಕಾಯಿತು, ಡಿಜಿಟಲ್ ಹಸ್ತಪ್ರತಿಗಳಿಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು. 2020ರ ಕೊನೆಗೆ ಫ್ಲ್ಯಾಶ್ ತಂತ್ರಾಂಶ ನಿಂತಾಗ ಅದನ್ನು ನೆಚ್ಚಿದ್ದ ಮ್ಯೂಸಿಯಂ ಪುಟಗಳು ರಾತ್ರೋರಾತ್ರಿ ಕುರುಡಾದವು. ಎಣ್ಣೆ ಸವರಿ ಅಟ್ಟದ ಮೇಲಿಟ್ಟ ತಾಳೆಗರಿ ಮುನ್ನೂರು ವರ್ಷ ತಾಳೀತು, ಇಪ್ಪತ್ತು ವರ್ಷದ ಹಿಂದಿನ ಸಿ.ಡಿ.ಯನ್ನು ಓದಿಸಲು ಇಂದು ಡ್ರೈವೇ ಸಿಗದು.

ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಹೊರೆ. ಕೇಂದ್ರದ ಮ್ಯೂಸಿಯಂಗಳಿಗೆ ಪುಣೆಯ ಸಿ-ಡ್ಯಾಕ್ 'ಜತನ್' ಎಂಬ ತಂತ್ರಾಂಶ ಮಾಡಿಕೊಟ್ಟಿದೆ, 2014ರಿಂದ ಒಂದು ರಾಷ್ಟ್ರೀಯ ಜಾಲತಾಣವೂ ಇದೆ. ಆದರೆ ನಮ್ಮ ಇಲಾಖೆಗಳಲ್ಲಿ, ಮಠಗಳಲ್ಲಿ, ಸಂಶೋಧನ ಕೇಂದ್ರಗಳಲ್ಲಿ ಎರಡು ಮೂರು ದಶಕಗಳ ಕಾಲ ಶ್ರದ್ಧೆಯಿಂದ ಟೈಪು ಮಾಡಿದ ವಸ್ತುಪಟ್ಟಿಗಳು, ಶಾಸನ ಪಾಠಗಳು ಬಹಳಷ್ಟು ಇರುವುದು ಯೂನಿಕೋಡ್ ಪೂರ್ವದ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ. ಮುದ್ರಿಸಿದರೆ ಚೆನ್ನಾಗಿಯೇ ಕಾಣುತ್ತವೆ. ಜಾಲಕ್ಕೆ ಏರಿಸಿದರೆ ಗಣಕಕ್ಕೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. 'ಮಹಿಷಮರ್ದಿನಿ' ಎಂದು ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಕೃತಕ ಬುದ್ಧಿಮತ್ತೆಗೂ ಸಿಗುವುದಿಲ್ಲ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಬಹಳ ವರ್ಷಗಳಿಂದ ಉಚಿತವಾಗಿಯೇ ದೊರೆಯುತ್ತಿವೆ. ತಿರುಗಿಸಿದ ಮೇಲೆ ಒತ್ತಕ್ಷರ ಜಾರಿದೆಯೇ, ಅರ್ಕಾವತ್ತು ಹಾರಿದೆಯೇ, ಱಕಾರ ೞಕಾರಗಳು ಉಳಿದಿವೆಯೇ ಎಂದು ಸಾಲು ಸಾಲಾಗಿ ಕೂತು ನೋಡಲು ಹಳಗನ್ನಡ ಬಲ್ಲ ಒಬ್ಬರು ಬೇಕು. ಆ ಹುದ್ದೆಗೆ ಸಂಬಳವೂ ಬೇಕು.